ಚುಕ್ಕಿಗೆ ಹಿಡಿಸದ ಏರ್ ಫಿಲ್ಟರ್

ಹಸುವಿಗೆ ಏರ್ ಫಿಲ್ಟರ್ ಗೊತ್ತಾಗುತ್ತದೆ ಎಂದು ನಾನೆಲ್ಲಿ ಹೇಳಿದೆ ಸ್ವಾಮಿ? ಪೂರ್ತಿ ಕೇಳಿಸಿಕೊಳ್ಳದೆ ನಗುತ್ತೀರಲ್ಲ. ಹಸುವಿಗೆ ಗೊತ್ತಾಗುವುದು ಸದ್ದು. ಸದ್ದು ಬದಲಾದದ್ದು ಫಿಲ್ಟರಿನಿಂದ. ಹಾಗಾದರೆ ಎರಡೂ ಒಂದೇ ಆಯಿತಲ್ಲ ಅನ್ನುತ್ತೀರಾ? ಅನ್ನಿ. ನನ್ನ ಕಣ್ಣೆದುರೇ ಹಗ್ಗ ಕಿತ್ತುಕೊಂಡು ಓಡಿದ ಹಸು ಅದು. ಹಗ್ಗದ ಜೊತೆ ಗೂಟವೂ ಹೋಯಿತು. ಗೂಟದ ಜೊತೆ ಕೊಟ್ಟಿಗೆಯೂ ಹೋಗುತ್ತಿತ್ತು, ನಾನು ಕಂಬ ಹಿಡಿದುಕೊಂಡಿದ್ದರಿಂದ ಉಳಿಯಿತು. ಇದನ್ನೂ ನಂಬುವುದಿಲ್ಲವೇ? ಸರಿ, ಕೊಟ್ಟಿಗೆಯ ಮಾತು ಬಿಡಿ. ಹಸು ಓಡಿದ್ದು ಮಾತ್ರ ನಿಜ. ಮೊದಲಿನಿಂದ ಹೇಳುತ್ತೇನೆ, ಕೇಳಿ.

ನಮ್ಮ ನಟರಾಜು ಗೊತ್ತಲ್ಲ? ಗೊತ್ತಿಲ್ಲವೆಂದರೆ ಹೇಳಿಬಿಡುತ್ತೇನೆ. ಹಾರನಹಳ್ಳಿಯವನು. ಉದ್ದನೆಯ ಆಸಾಮಿ, ಮಾತು ಕಡಿಮೆ, ನಕ್ಕರೆ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಸುತ್ತಲ ಹಳ್ಳಿಗಳಲ್ಲಿ ಹಸು ಬೆದೆಗೆ ಬಂದರೆ ಹೋಗಿ ಇಂಜೆಕ್ಷನ್ ಮಾಡಿ ಗಬ್ಬ ಕಟ್ಟಿಸುವುದು ಅವನ ಕೆಲಸ. ಮೊದಲೆಲ್ಲ ಊರಿಗೊಂದು ಹೋರಿ ಇರುತ್ತಿತ್ತು. ಈಗ ಹೋರಿಯ ಬದಲು ಅದರ ಬೀಜ ತುಂಬಿದ ಒಂದು ಕ್ಯಾನು. ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕುವ, ಕೈಯಿಟ್ಟರೆ ಬೆರಳೇ ಮರಗಟ್ಟುವ ತಣ್ಣನೆಯ ಕ್ಯಾನು. ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ನಟರಾಜು ತಿರುಗುತ್ತಾನೆ. ನಾನು ಹೇಳುತ್ತಿರುವುದು ಎರಡು ಸಾವಿರದ ನಾಲ್ಕೋ ಐದೋ ಇಸವಿಯದಿರಬೇಕು, ಊರಲ್ಲಿ ಇನ್ನೂ ಎಲ್ಲರ ಜೇಬಿಗೆ ಫೋನು ಬಂದಿರಲಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬಂದವರು ‘ನಮ್ಮ ಹಸು ಕೂಗ್ತಾ ಇದೆ’ ಎಂದು ಹೇಳಿ ಹೋಗುವುದು, ಡೈರಿಯವರು ಅವನಿಗೆ ಫೋನು ಮಾಡುವುದು. ಅವನು ಹೊತ್ತಿಗೆ ಸರಿಯಾಗಿ ತಲುಪಬೇಕು. ಹೊತ್ತು ತಪ್ಪಿದರೆ ಹಸು ಮತ್ತೆ ಬೆದೆಗೆ ಬರುವ ತನಕ ಮೂರು ವಾರ ಕಾಯಬೇಕು.

ಇಂಥ ಕೆಲಸದವನಿಗೆ ಮೊಪೆಡ್ಡು ಸಾಕು. ಅವನೂ ಮದುವೆಯಲ್ಲಿ ಅದನ್ನೇ ಕೇಳಿದ್ದ. ಆದರೆ ಮಾವ ಭೇರ್ಯದವರು, ಕಾಲುವೆ ನೀರಿನ ಗದ್ದೆಯವರು. “ನಮ್ ಅಳೀಮಯ್ಯ ಮೊಪೆಡ್ನಾಗೆ ಬಂದ್ರೆ ನಾನು ಬೀದೀಲಿ ತಲೆ ಎತ್ತಂಗಿಲ್ಲ” ಎಂದು ಹೇಳಿ ಕೆಂಪನೆಯ ಸ್ಪೋರ್ಟ್ಸ್ ಬೈಕು ತಂದು ನಿಲ್ಲಿಸಿಬಿಟ್ಟರು. ಮೂತಿಗೆ ಪ್ಲಾಸ್ಟಿಕ್ ಮುಖವಾಡ, ಹಿಂದೆ ಮೇಲೆದ್ದ ಸೀಟು. ಕಂಪನಿಯ ಹೆಸರು ಹೇಳುವುದಿಲ್ಲ, ಅವರೇನು ನನಗೆ ಕಾಫಿ ಕುಡಿಸಿಲ್ಲ. ಎಂಥ ಓಟ ಅಂತೀರಿ! ಒಮ್ಮೆ ಅವನ ಹಿಂದೆ ಕೂತು ಹುಣಸೂರಿಗೆ ಹೋದೆ. ಇಳಿದು ನೋಡುತ್ತೇನೆ, ನನ್ನ ನೆರಳು ಬಂದಿಲ್ಲ. ಸಂಜೆ ಪಿರಿಯಾಪಟ್ಟಣದ ಬಸ್ಸಿನಲ್ಲಿ ಬಂದು ಇಳಿಯಿತು.

ಅಂಥ ಬೈಕು ಸುಗ್ಗಿ ಬಂತೆಂದರೆ ಕೆಮ್ಮಲು ಶುರುಮಾಡುತ್ತಿತ್ತು. ಯಾಕೆ ಗೊತ್ತೇ? ನಮ್ಮವರ ಕಣದಿಂದ. ಹಿಂದೆ ಹೊಲದ ಮೂಲೆಯಲ್ಲಿ ಸಗಣಿ ಸಾರಿಸಿ ಕಣ ಮಾಡುತ್ತಿದ್ದೆವು. ಟಾರು ರಸ್ತೆ ಬಂದ ಮೇಲೆ ಅದೇ ಕಣ. ರಾಗಿ ತೆನೆ, ಹುರುಳಿ ಬಳ್ಳಿ ಎಲ್ಲ ರಸ್ತೆಗೆ ಹರಡಿ, ಎರಡು ಕಡೆ ಕಲ್ಲಿಟ್ಟು, ಹುಣಸೆ ಮರದ ನೆರಳಲ್ಲಿ ಕೂತರೆ ಬಸ್ಸು ಲಾರಿಗಳೇ ಬಡಿದು ಕೊಡುತ್ತವೆ. ಸಂಜೆ ಕಾಳು ಗುಡಿಸಿಕೊಂಡು ಬರುವುದು. ಗಾಳಿಯಲ್ಲೆಲ್ಲ ಹೊಟ್ಟು, ದೂಳು, ಸುಂಕು. ನಟರಾಜು ದಿನವೆಲ್ಲ ಅದರೊಳಗೇ ಓಡಾಡಬೇಕು.

ಬೈಕಿಗೂ ಉಸಿರು ಬೇಕಲ್ಲ ಸ್ವಾಮಿ. ಸೀಟಿನ ಕೆಳಗೆ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಕಾಗದದ ಫಿಲ್ಟರು. ಗಾಳಿ ಅಲ್ಲಿ ಸೋಸಿಕೊಂಡು ಇಂಜಿನ್ನಿಗೆ ಹೋಗುವುದು. ಆ ಕಾಗದ ಹುರುಳಿ ದೂಳಿಗೆ ಕಟ್ಟಿಹೋಗುತ್ತಿತ್ತು. ಹೊಸದು ಹಾಕಿದರೂ ಅಷ್ಟೆ, ಮತ್ತೆ ಕಟ್ಟುತ್ತಿತ್ತು. ಅವನು ಕಲ್ಲಿಗೆ ಕುಟ್ಟಿ, ಬಾಯಲ್ಲಿ ಊದಿ, ಮತ್ತೆ ಹಾಕಿಕೊಂಡು ಹೊರಡುತ್ತಿದ್ದ.

ಹೀಗೇ ಕೆಮ್ಮುತ್ತ ಬಂದ ಒಂದು ದಿನ ನಮ್ಮ ಪಕ್ಕದ ಮನೆಯ ಚುಕ್ಕಿಗೆ ಹೊತ್ತು ತಪ್ಪಿತು.

ಚುಕ್ಕಿ ಎಂದರೆ ಚಿಕ್ಕತಾಯಮ್ಮನ ಹಸು. ಹಣೆಯ ಮೇಲೆ ಬೆರಳಲ್ಲಿ ಇಟ್ಟ ಹಾಗೆ ಬಿಳಿ ಬೊಟ್ಟು. ತಾಯಿ ಸತ್ತು ಹುಲ್ಲಿನ ಮೇಲೆ ಬಿದ್ದಿದ್ದ ಕರುವನ್ನು ಚಿಕ್ಕತಾಯಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ದೊಡ್ಡದಾದ ಮೇಲೂ ಅದು ಅವಳ ಸೆರಗು ನೆಕ್ಕುತ್ತ ಅಡುಗೆಮನೆ ಬಾಗಿಲ ತನಕ ಬರುತ್ತಿತ್ತು. ಆದರೆ ಒಂದು ಕರು ಹಾಕಿದ್ದೇ ಹಾಕಿದ್ದು, ಆಮೇಲೆ ಗಬ್ಬ ನಿಲ್ಲಲೇ ಇಲ್ಲ. ಆ ದಿನವೂ ನಟರಾಜು ಬರುವಷ್ಟರಲ್ಲಿ ಚುಕ್ಕಿ ತಣ್ಣಗಾಗಿ ಮೆಲುಕು ಹಾಕುತ್ತ ಮಲಗಿತ್ತು.

ಚಿಕ್ಕತಾಯಮ್ಮನ ಗಂಡ ನಂಜಯ್ಯ ಕೋಪಿಷ್ಠನಲ್ಲ. ಆದರೆ ಲೆಕ್ಕದ ಮನುಷ್ಯ. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ: “ಇನ್ನೊಂದ್ ಸಲ ನೋಡ್ತೀನಿ ಕಣಪ್ಪ. ಆಗ್ಲೂ ನಿಲ್ನಿಲ್ಲ ಅಂದ್ರೆ ಸಂತೆಗೆ ಹೊಡ್ಕೊಂಡೋಯ್ತೀನಿ. ಸುಮ್ಕೆ ಎಷ್ಟ್ ದಿನ ಅಂತ ಮೇವು ಹಾಕಾದು?”

ಚಿಕ್ಕತಾಯಮ್ಮ ನಟರಾಜುವಿನ ಕಡೆ ತಿರುಗಿದಳು. ಅವನಿಗೆ ಅವಳು ದೊಡ್ಡವ್ವನ ಸಮ.

“ಮಗ, ಮುಂದಿನ್ ಸಲ ಬೇಗ ಬತ್ತೀಯ ಅಲ್ವಾ?”

“ಬತ್ತೀನಿ ಕಣವ್ವ. ನನ್ ಮಾತು.”

ಅಷ್ಟೇ. ಅವನು ಮಾತು ಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಾರನೆಯ ದಿನ ಬೆಳಿಗ್ಗೆ ನಮ್ಮನೆ ಮುಂದೆ ಬೈಕು ನಿಲ್ಲಿಸಿದ. “ತಾತ, ಹುಣಸೂರಿಗೆ ಓಗಿ ಒಳ್ಳೆ ಫಿಲ್ಟರ್ ಹಾಕುಸ್ಬೇಕು, ಬತ್ತೀಯಾ?” ನಾನು ಇಂಥದ್ದಕ್ಕೆ ಇಲ್ಲ ಎನ್ನುವವನೇ? ಹೋಟೆಲಿನ ದೋಸೆ ಅವನ ಲೆಕ್ಕಕ್ಕೆ.

ಹುಣಸೂರಿನಲ್ಲಿ ಕೊಡಗಿನ ರಸ್ತೆಯಲ್ಲಿ ಶಶಿ ಎನ್ನುವವನ ಅಂಗಡಿ ಇತ್ತು. ಬೈಕಿಗೆ ಸ್ಟಿಕ್ಕರು, ಹಾರ್ನು, ಬಣ್ಣದ ಹ್ಯಾಂಡಲ್ ಕವರು. ಕೊಡಗಿನ ಕಡೆಯ ಹುಡುಗರು ರ‍್ಯಾಲಿಗೆ ಬೈಕು ತಯಾರು ಮಾಡುವಾಗ ಇವನ ಹತ್ತಿರವೇ ಸಾಮಾನು ತರಿಸಿಕೊಳ್ಳುತ್ತಿದ್ದರು. ಕಪ್ಪು ಕನ್ನಡಕ ಹಣೆಯ ಮೇಲೆ ಇಟ್ಟುಕೊಂಡಿರುತ್ತಿದ್ದ. ಕಣ್ಣಿಗೆ ಹಾಕಿಕೊಂಡದ್ದು ನಾನಂತೂ ನೋಡಿಲ್ಲ.

ಶಶಿ ಮೂರು ಫಿಲ್ಟರು ತಂದು ಗಾಜಿನ ಮೇಲಿಟ್ಟ.

“ಇದು ಸ್ಪಂಜು. ಎಣ್ಣೆ ಹಚ್ಚಿ ಹಾಕೋದು. ದೂಳಿಗೆ ಒಳ್ಳೇದು, ಆದ್ರೆ ನಿಮ್ ಬೈಕಿನ ಅಳತೆಗೆ ಕತ್ತರಿಸಿ ಕೂರಿಸ್ಬೇಕು. ಇದು ನೋಡಿ, ಹತ್ತಿ ಬಟ್ಟೇದು. ಮಡಿಕೆ ಮಡಿಕೆಯಾಗಿ ತಂತಿ ಬಲೆ ನಡುವೆ ಕೂರ್ಸಿದ್ದಾರೆ. ಇದಕ್ಕೂ ಎಣ್ಣೆ. ಕಟ್ಟಿದ್ರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ ಮತ್ತೆ ಎಣ್ಣೆ ಹಚ್ಚಿದ್ರೆ ಆಯ್ತು. ನಿಮ್ ಹಳೇ ಡಬ್ಬದೊಳಗೇ ಸರಿಯಾಗಿ ಕೂರುತ್ತೆ. ಗಾಳಿ ಚೆನ್ನಾಗಿ ಬಿಡುತ್ತೆ, ಪಿಕಪ್ಪೂ ಸ್ವಲ್ಪ ಜಾಸ್ತಿ.”

“ಸೌಂಡು?” ಎಂದ ನಟರಾಜು.

“ಸೌಂಡ್ ಏನ್ ಬದಲಾಗಲ್ಲ. ಡಬ್ಬದೊಳಗೆ ತಾನೇ ಇರೋದು.”

“ಮತ್ತೆ ಇದು?”

ಮೂರನೆಯದು ಕೆಂಪನೆಯ ಕೋನು. ಐಸ್ ಕ್ರೀಮು ತಲೆಕೆಳಗೆ ಹಿಡಿದ ಹಾಗೆ, ತುದಿಗೆ ಬೆಳ್ಳಿಯಂಥ ಮುಚ್ಚಳ. ಕೈಯಲ್ಲಿ ಹಿಡಿದರೆ ಕೆಳಗಿಡಲು ಮನಸ್ಸು ಬರದು.

“ಇದಕ್ಕೆ ಡಬ್ಬ ಬೇಡ,” ಎಂದ ಶಶಿ. “ಡಬ್ಬ ತೆಗೆದು ನೇರ ಕಾರ್ಬುರೇಟರಿಗೆ ಸಿಕ್ಕಿಸೋದು. ಒಳಗೆ ಪೆಟ್ರೋಲ್ ಬಿಡೋ ಜೆಟ್ಟೂ ದೊಡ್ಡದು ಹಾಕ್ಬೇಕು, ಹಾಕ್ಕೊಡ್ತೀನಿ. ರೇಸಿನವರು ಇಷ್ಟಪಡೋದು ಇದನ್ನೇ. ಆದ್ರೆ ದಿನಾ ದೂಳಲ್ಲಿ ಓಡಿಸೋರಿಗೆ ನಾನು ಆ ಎರಡನೇದನ್ನ ಹೇಳ್ತೀನಿ.”

“ಸೌಂಡು?”

ಶಶಿ ಹೊರಗೆ ಹೋಗಿ, ಅಂಥದ್ದೇ ಕೋನು ಸಿಕ್ಕಿಸಿದ್ದ ತನ್ನ ಬೈಕು ಶುರು ಮಾಡಿ ಒಮ್ಮೆ ಎಕ್ಸಿಲರೇಟರು ತಿರುಪಿದ. ಹೂ… ಎಂದು ಒಳಗೆಳೆದುಕೊಂಡು ಗುಡುಗಿತು. ನನ್ನ ಎದೆಯ ಜೇಬಿನ ನಶ್ಯದ ಡಬ್ಬಿ ತಾನಾಗಿ ಮುಚ್ಚಳ ತೆರೆಯಿತು.

ನಟರಾಜುವಿನ ಮುಖ ನೋಡಿದೆ. ಅವನ ಕೈ ಆಗಲೇ ಕೋನಿನ ಮೇಲೆ ಇತ್ತು.

“ಏನ್ಲಾ, ಅಂಗಡಿಯವನೇ ಬ್ಯಾಡ ಅಂತಾವ್ನೆ,” ಎಂದೆ.

“ಇರ್ಲಿ ಬುಡು ತಾತ. ಪಿಕಪ್ಪೂ ಇದ್ರಲ್ಲೇ ಜಾಸ್ತಿ.”

ಪಿಕಪ್ಪಿಗೆ ಅಲ್ಲ ಎಂದು ನನಗೆ ಗೊತ್ತಿತ್ತು. ಈಗ ನಗದೆ ಕೇಳಿ ಸ್ವಾಮಿ. ಅವನು ಯಾವ ಊರಿಗೆ ಹೋಗಲಿ, ಅರಳಿಕಟ್ಟೆಯ ಮೇಲೆ ಕೂತವರು ಅವನನ್ನು ಕರೆಯುತ್ತಿದ್ದದ್ದು ಒಂದೇ ಹೆಸರಿನಿಂದ: ಕ್ಯಾನಿನ ಹೋರಿ. ನಮ್ಮೂರ ಕುಳ್ಳಯ್ಯನಂತೂ ಬಿಡುತ್ತಲೇ ಇರಲಿಲ್ಲ. “ಬಂತು ನೋಡ್ರಪ್ಪ, ಕ್ಯಾನಿನ್ ಹೋರಿ! ಇವತ್ತು ಯಾರ್ ಮನೆ ಬೀಗ್ತನ?” ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ನಟರಾಜುವೂ ನಗುತ್ತಿದ್ದ, ಕೈಯಿಂದ ಬಾಯಿ ಮುಚ್ಚಿಕೊಂಡು. ಆ ಕೈಯ ಹಿಂದೆ ನಗು ಇತ್ತೋ ಇಲ್ಲವೋ ಯಾರು ನೋಡಿದರು? ನಾಚಿಕೆಪಡುವ ಕೆಲಸವೇನಲ್ಲ ಅದು. ಅರ್ಧ ತಾಲ್ಲೂಕಿನ ಹಾಲು ಅವನಿಂದ. ಆದರೆ ದಿನಾ ಕೇಳಿ ಕೇಳಿ ಅವನಿಗೆ ಒಂದು ಆಸೆ ಬಂದಿತ್ತು: ಒಂದು ದಿನವಾದರೂ ಜನ ತನ್ನ ಬೈಕಿನ ಕಡೆ ನೋಡಬೇಕು, ಹಿಂದಿನ ಕ್ಯಾನಿನ ಕಡೆ ನೋಡಬಾರದು.

ಕೋನು ಹಾಕಿಸಿಕೊಂಡು ಬಂದ ದಿನ ಹಾಗೇ ಆಯಿತು. ಊರ ಬಾಗಿಲಿಗೆ ಬರುವಾಗಲೇ ಗುಡುಗು. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಕುಳ್ಳಯ್ಯನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಆ ಸದ್ದಿಗೆ ಸರಗೂರಿನ ಕಡೆ ಮೋಡ ಕಟ್ಟಿತು ಎಂದು ಆಮೇಲೆ ಬಸ್ಸಿನ ಕಂಡಕ್ಟರ್ ಹೇಳಿದ. ನಟರಾಜು ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ಯಾರ ಕಡೆಯೂ ತಿರುಗದೆ, ನೇರ ಚಿಕ್ಕತಾಯಮ್ಮನ ಮನೆ ಮುಂದೆ ತಂದು ನಿಲ್ಲಿಸಿದ. ಇನ್ನು ಬೇಗ ಬರುತ್ತೇನೆ ಎಂದು ಅವಳಿಗೆ ತೋರಿಸಬೇಕಿತ್ತಲ್ಲ.

ಚುಕ್ಕಿ ಹಗ್ಗ ಕಿತ್ತುಕೊಂಡದ್ದು ಆಗಲೇ. ಕಿವಿ ನೆಟ್ಟಗೆ, ಕಣ್ಣು ಬಿಳುಪು, ಬಾಲ ಮೇಲೆ. ಬೇಲಿ ದಾಟಿ ಅವರೆ ಹೊಲಕ್ಕೆ ಬಿದ್ದು ಓಡಿತು. ನಾನು ಕಂಬ ಹಿಡಿದುಕೊಂಡಿದ್ದೆ ಎಂದು ಮೊದಲೇ ಹೇಳಿದ್ದೇನೆ.

“ಅಯ್ಯೋ ನಿನ್ ಬೈಕಿಗೆ ಬೆಂಕಿ ಬೀಳ!” ಚಿಕ್ಕತಾಯಮ್ಮ ಹೊಲದ ಕಡೆ ಓಡುತ್ತ ಕೂಗಿದಳು. “ಏನ್ಲಾ ಅದು, ಹುಲಿ ಕಟ್ಕೊಂಡ್ ಬಂದಿದೀಯಾ?”

“ಅಭ್ಯಾಸ ಆಯ್ತದೆ ಬುಡವ್ವ,” ಎಂದ ನಟರಾಜು. ದನಿಯಲ್ಲಿ ಅಷ್ಟು ಧೈರ್ಯ ಇರಲಿಲ್ಲ.

ಹಸು ಹಿಡಿದು ತರುವ ಗಡಿಬಿಡಿಯಲ್ಲಿ ಅವನು ಒಂದು ಸಾಮಾನು ಜಗಲಿಯ ಮೇಲೆ ಮರೆತು ಹೋದ. ಶಶಿ ಬಿಚ್ಚಿ ಚೀಲಕ್ಕೆ ಹಾಕಿ ಕೊಟ್ಟಿದ್ದ ಹಳೆಯ ಕಪ್ಪು ಡಬ್ಬ. ಈ ಡಬ್ಬವನ್ನು ನೆನಪಿಟ್ಟುಕೊಳ್ಳಿ.

ಚುಕ್ಕಿಗೆ ಅಭ್ಯಾಸ ಆಗಲಿಲ್ಲ. ಚುಕ್ಕಿಗೆ ಮಾತ್ರವಲ್ಲ, ಯಾವ ಊರಿನ ಹಸುವಿಗೂ ಆಗಲಿಲ್ಲ. ಮೊದಲೇ ಅವನನ್ನು ಕಂಡರೆ ಅವಕ್ಕೆ ಅಷ್ಟಕ್ಕಷ್ಟೆ. ಬಂದವನು ಏನು ಮಾಡುತ್ತಾನೆ ಎಂದು ಅವಕ್ಕೆ ಗೊತ್ತು. ಈಗ ಅರ್ಧ ಮೈಲಿ ದೂರದಿಂದಲೇ ತಿಳಿಯುತ್ತಿತ್ತು. ಇವನು ಬೇಗ ತಲುಪುತ್ತಿದ್ದ, ಹಸು ಅದಕ್ಕಿಂತ ಬೇಗ ಹೊರಟಿರುತ್ತಿತ್ತು. ಹಿಡಿದು ತಂದರೂ ಏದುಸಿರು, ನಡುಕ. ಹೆದರಿದ ಹಸುವಿಗೆ ಇಂಜೆಕ್ಷನ್ ಮಾಡಿದರೆ ನಿಲ್ಲುವುದು ಕಷ್ಟ ಎಂದು ಅವನೇ ಹೇಳುತ್ತಿದ್ದ. ಅದರ ಮೇಲೆ ಹುರುಳಿ ಕಣ ಬೇರೆ. ಡಬ್ಬದ ಮರೆಯಿಲ್ಲದ ಕೋನು ಚಕ್ರದ ಪಕ್ಕದಲ್ಲೇ ಬಾಯಿ ತೆರೆದು ಕೂತಿರುತ್ತಿತ್ತು. ಸಂಜೆ ನೋಡಿದರೆ ಅದಕ್ಕೆ ಗಡ್ಡ ಬಂದಿರುತ್ತಿತ್ತು, ಸನ್ಯಾಸಿಯ ಗಡ್ಡದಂಥ ಗಡ್ಡ. ದಿನಾ ಬಾವಿಯ ಬಳಿ ಕೂತು ಅದನ್ನು ತೊಳೆಯುವುದು ಅವನಿಗೆ ಇನ್ನೊಂದು ಕೆಲಸವಾಯಿತು.

ಕೊನೆಗೆ ಒಂದು ಮಧ್ಯಾಹ್ನ ಚಿಕ್ಕತಾಯಮ್ಮನ ಮನೆಗೆ ನಡೆದು ಬಂದ. ಮುಖ ಸಣ್ಣಗಾಗಿತ್ತು.

“ದೊಡ್ಡವ್ವ, ಅವತ್ತು ಒಂದು ಕಪ್ಪು ಡಬ್ಬ ಬುಟ್ಟೋಗಿದ್ನಲ್ಲ, ಕೊಡವ್ವ. ಈ ಕೋನು ತೆಗ್ದು ಹಳೇದು ಹಾಕುಸ್ತೀನಿ.”

ಚಿಕ್ಕತಾಯಮ್ಮ ಮೂಲೆಯ ಕಡೆ ಕೈ ತೋರಿಸಿದಳು. ಡಬ್ಬದೊಳಗೆ ಹುಲ್ಲು ಹಾಸಿ, ಅದರ ಮೇಲೆ ಕೋಳಿ ಕಾವು ಕೂತಿತ್ತು.

ಡಬ್ಬದಲ್ಲಿ ಕೋಳಿ ಹಿಡಿಸುತ್ತದೆಯೇ ಎಂದು ಕೇಳುತ್ತೀರಿ, ನನಗೆ ಗೊತ್ತು. ಗಿಡ್ಡ ಕೋಳಿ ಸ್ವಾಮಿ, ಬಾಲ ಹೊರಗಿತ್ತು.

“ಬ್ಯಾರೆ ಕುಕ್ಕೆಗೆ ಹಾಕವ್ವ.”

“ಕಾವು ಕುಂತಿರೋ ಕೋಳೀನ ಎಬ್ಬುಸ್ತಾರೇನ್ಲಾ? ಜಾಗ ಬದಲಾಯ್ಸಿದ್ರೆ ಮೊಟ್ಟೆ ಬುಟ್ಟೋಯ್ತದೆ. ಮರಿ ಆಗ್ಲಿ, ತಕೊಂಡೋಗು.”

“ಅಷ್ಟರಾಗೆ ಚುಕ್ಕಿ ಕೂಗಿದ್ರೆ?”

ಅವಳು ಕೋಳಿಯನ್ನೂ ನೋಡಿದಳು, ಕೊಟ್ಟಿಗೆಯ ಕಡೆಯೂ ನೋಡಿದಳು. ಹೊಸ ಡಬ್ಬಕ್ಕೆ ಶಶಿಯನ್ನು ಕೇಳಿದರೆ ಮೈಸೂರಿಂದ ಬರಬೇಕು, ತಡ ಆಗುತ್ತದೆ ಎಂದ.

ಚುಕ್ಕಿ ಕೋಳಿಗಾಗಿ ಕಾಯುತ್ತದೆಯೇ? ಮರಿ ಆಗುವ ಮೊದಲೇ ಒಂದು ಮುಂಜಾನೆ ಕೂಗಿತು. ಚಿಕ್ಕತಾಯಮ್ಮ ಡೈರಿಗೆ ಓಡಿದಳು. ಡೈರಿಯಿಂದ ಫೋನು ಹೋಯಿತು. ನಂಜಯ್ಯ ಜಗಲಿಯ ಮೇಲೆ ಕೂತಿದ್ದ, ಹೊಸ ಹಗ್ಗ ಹೊಸೆಯುತ್ತ. ಸಂತೆಗೆ ಹೊಡೆದುಕೊಂಡು ಹೋಗಲಿಕ್ಕೋ, ಗೂಟಕ್ಕೆ ಕಟ್ಟಲಿಕ್ಕೋ, ನಾನು ಕೇಳಲಿಲ್ಲ.

ನಾನು ಅರಳಿಕಟ್ಟೆಯ ಮೇಲೆ ಇದ್ದೆ. ಕುಳ್ಳಯ್ಯನೂ ಇದ್ದ, ಇನ್ನೂ ನಾಲ್ಕಾರು ಜನ. ದೂರದಲ್ಲಿ ಗುಡುಗು ಕೇಳಿತು. ಹತ್ತಿರ ಬಂತು, ಊರಾಚೆ ಮೋರಿಯ ತನಕ ಬಂತು. ಅಲ್ಲಿ ನಿಂತುಹೋಯಿತು.

“ಕೆಟ್ಟೋಯ್ತು ಕಣ್ರಪ್ಪ!” ಎಂದ ಕುಳ್ಳಯ್ಯ ತೊಡೆ ತಟ್ಟಿ.

ಕೆಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ನಟರಾಜು ಕಾಣಿಸಿದ. ಬೈಕಿಲ್ಲ. ಕ್ಯಾನು ಹೆಗಲ ಮೇಲೆ. ಉಳಿದ ಸಾಮಾನಿನ ಚೀಲ ಇನ್ನೊಂದು ಕೈಯಲ್ಲಿ. ಬೈಕಿನ ಮೇಲೆ ಹೋದರೆ ಕ್ಯಾನು ಕಂಡದ್ದೂ ಕಾಣದ ಹಾಗೆ ದಾಟಿಹೋಗುತ್ತದೆ. ನಡೆದು ಬಂದರೆ ಹಾಗಲ್ಲ. ಊರಿನ ಉದ್ದಕ್ಕೂ, ಪ್ರತಿ ಬಾಗಿಲ ಮುಂದೆಯೂ, ಅವನೂ ಅವನ ಕ್ಯಾನೂ. ಯಾವುದನ್ನು ಜನ ನೋಡಬಾರದು ಎಂದು ಕೆಂಪು ಕೋನು ಆರಿಸಿದ್ದನೋ, ಅದನ್ನೇ ಈಗ ಎಲ್ಲರಿಗೂ ತೋರಿಸುತ್ತ ಬರುತ್ತಿದ್ದ.

ಕುಳ್ಳಯ್ಯ ಬಿಡುತ್ತಾನೆಯೇ? “ಓಹೋಹೋ! ಇವತ್ತು ಕ್ಯಾನಿನ್ ಹೋರಿ ನಡ್ಕೊಂಡೇ ಬತ್ತಾ ಅದೆ! ಕಾಲು ತೊಳ್ಯಕ್ಕೆ ನೀರು ತಕಬನ್ರೋ!”

ಎಲ್ಲ ನಕ್ಕರು. ನಾನೂ ಸ್ವಲ್ಪ ನಕ್ಕಿರಬೇಕು, ಕುಳ್ಳಯ್ಯ ಹೇಳುವ ರೀತಿಯೇ ಹಾಗೆ. ನಟರಾಜು ಕಟ್ಟೆಯ ಮುಂದೆ ನಿಂತ. ಬಾಯಿ ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮುಖ ಕೆಂಪಾಗಿತ್ತು, ಕಿವಿಯೂ ಕೆಂಪು.

“ಕುಳ್ಳಣ್ಣ, ಮೆಲ್ಲುಕ್ ಮಾತಾಡು,” ಎಂದ. “ಹಸ ಬೆದರ್ತದೆ.”

ಅಷ್ಟು ಹೇಳಿ ಮುಂದೆ ನಡೆದ. ಜೋರು ಮಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ. ನಾನು ಎಷ್ಟೋ ಸುಳ್ಳು ಸೇರಿಸಿ ಎಷ್ಟೋ ಕಥೆ ಹೇಳಿದ್ದೇನೆ ಸ್ವಾಮಿ, ಈ ಮಾತಿಗೆ ಸೇರಿಸಲು ಮಾತ್ರ ನನಗೆ ಏನೂ ಸಿಕ್ಕಿಲ್ಲ. ಕಟ್ಟೆಯ ಮೇಲೆ ನಗು ತಾನಾಗಿ ನಿಂತಿತು. ಬೀಡಿ ಹಚ್ಚಲು ಕಡ್ಡಿ ಗೀರಿದವನೂ ಮೆಲ್ಲಗೆ ಗೀರಿದ.

ನಾನು ಹಿಂದೆಯೇ ಹೋದೆ. ಚುಕ್ಕಿ ನಿಂತಿತ್ತು. ಚಿಕ್ಕತಾಯಮ್ಮ ಅದರ ಕತ್ತಿನ ಕೆಳಗಿನ ಗಂಗೆದೊಗಲು ತುರಿಸುತ್ತ, “ಏನಿಲ್ಲ ಕಣವ್ವ, ನಮ್ ನಟ್ರಾಜ, ಏನಿಲ್ಲ,” ಎನ್ನುತ್ತಿದ್ದಳು. ನಟರಾಜು ಕೈ ತೊಳೆದುಕೊಂಡ, ಕ್ಯಾನಿನ ಮುಚ್ಚಳ ತೆಗೆದ, ಬಿಳಿ ಹೊಗೆ ನೆಲಕ್ಕಿಳಿಯಿತು. ಹಸು ಒಮ್ಮೆ ಹಿಂತಿರುಗಿ ನೋಡಿ, ಮತ್ತೆ ಚಿಕ್ಕತಾಯಮ್ಮನ ಸೆರಗು ನೆಕ್ಕಲು ಶುರುಮಾಡಿತು. ಅಷ್ಟರಲ್ಲಿ ಕೆಲಸ ಮುಗಿದಿತ್ತು.

ನಟರಾಜು ವಾಪಸ್ಸು ಹೋಗುವಾಗ ಕುಳ್ಳಯ್ಯ ಕಟ್ಟೆಯಿಂದ ಇಳಿದು ಬಂದ. ಅವನ ಹತ್ತಿರ ಬಂದು ಯಾರಿಗೂ ಕೇಳದ ಹಾಗೆ ಹೇಳಿದ್ದು ನನಗೆ ಕೇಳಿಸಿತು: “ನಮ್ಮನೇದೂ ಕೂಗಾಂಗದೆ ಕಣ್ಲಾ ನಟ್ರಾಜ. ಹೇಳ್ ಕಳುಸ್ತೀನಿ. ಇಂಗೇ ನಡ್ಕೊಂಡ್ ಬಾರಪ್ಪ.”

ಚುಕ್ಕಿ ಗಬ್ಬ ನಿಂತಿತು. ಡಾಕ್ಟರು ಬಂದು ಕೈ ಹಾಕಿ ನೋಡಿ ಹೌದು ಎಂದ ದಿನ ನಂಜಯ್ಯ ಆ ಹೊಸ ಹಗ್ಗವನ್ನು ಗೂಟಕ್ಕೆ ಕಟ್ಟಿದ.

ಅಷ್ಟರಲ್ಲಿ ಕೋಳಿಯ ಕೆಲಸವೂ ಮುಗಿದಿತ್ತು. ಡಬ್ಬ ತೊಳೆದು ಹುಣಸೂರಿಗೆ ಒಯ್ದೆವು. ಶಶಿ ಮೂಸಿ ನೋಡಿ ಮುಖ ಸಿಂಡರಿಸಿದ. ಎರಡನೆಯ ಫಿಲ್ಟರನ್ನು, ಮೊದಲೇ ಅವನು ಹೇಳಿದ್ದ ಆ ಹತ್ತಿ ಬಟ್ಟೆಯದನ್ನು, ಡಬ್ಬದೊಳಗೆ ಕೂರಿಸಿ, ಜೆಟ್ಟು ಹಳೆಯದು ಹಾಕಿ ಕೊಟ್ಟ. ಸುಗ್ಗಿಯಲ್ಲಿ ವಾರಕ್ಕೊಮ್ಮೆ ತೊಳೆದು ಎಣ್ಣೆ ಹಚ್ಚಿದರೆ ಬೈಕು ಕೆಮ್ಮುವುದಿಲ್ಲ. ಕೋನು ಏನಾಯಿತು ಎಂದಿರಾ? ನಂಜಯ್ಯನ ಅವರೆ ಹೊಲದ ಬೆದರುಬೊಂಬೆಗೆ ಮೂಗಾಯಿತು. ಗಿಳಿಗಳು ಆ ಮೂಗು ಕಂಡು ಹೆಗ್ಗಡದೇವನಕೋಟೆಯ ಕಾಡು ಸೇರಿದವು.

ಇನ್ನೊಂದು ಮಾತು. ಆ ಡಬ್ಬದಲ್ಲಿ ಹುಟ್ಟಿದ ಮರಿಗಳಿದ್ದವಲ್ಲ, ಅವು ನಟರಾಜುವಿನ ಬೈಕು ಕಂಡರೆ ತಾಯಿ ಬಂತು ಎಂದು ಹಿಂದೆ ಓಡುತ್ತಿದ್ದವು. ಒಂದು ಹುಂಜವಂತೂ ಹಾರನಹಳ್ಳಿಯ ತನಕ ಓಡಿ, ಅಲ್ಲಿ ಹಾರ್ನು ಕೇಳಿ ಅದರಂತೆಯೇ ಕೂಗುವುದು ಕಲಿತು ವಾಪಸ್ಸು ಬಂತು. ಸರಿ, ಹುಂಜವನ್ನು ಬಿಡಿ. ಆದರೆ ಇದನ್ನು ಬಿಡುವ ಹಾಗಿಲ್ಲ: ಬೈಕಿನ ಸದ್ದು ಈಗ ಇಷ್ಟೇ, ಪಿಸುಮಾತಿನಷ್ಟು. ಚುಕ್ಕಿಯಾಗಲಿ ಇನ್ಯಾವ ಹಸುವಾಗಲಿ ತಲೆಯೂ ಎತ್ತುವುದಿಲ್ಲ. ಆದರೂ ನಟರಾಜು ಇವತ್ತಿಗೂ ಯಾವ ಊರಿಗೆ ಹೋದರೂ ಮೋರಿಯ ಬಳಿ ಬೈಕು ಆಫ್ ಮಾಡುತ್ತಾನೆ, ಕ್ಯಾನು ಹೆಗಲಿಗೇರಿಸಿ ನಡೆದು ಬರುತ್ತಾನೆ. ಯಾಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ—

“ಇನ್ನೂ ಮುಗೀನಿಲ್ವಾ ನಿಮ್ ಪುರಾಣ? ಎದ್ ಬನ್ನಿ. ಚುಕ್ಕಿ ಮಗಳು ಕರ ಹಾಕ್ದಳಂತೆ, ಚಿಕ್ಕತಾಯಕ್ಕ ಗಿಣ್ಣು ಕಳ್ಸವ್ಳೆ. ಬಿಸಿ ಇರಂಗೇ ತಿನ್ನಿ!”

ಕೇಳಿದಿರಲ್ಲ? ಅದು ನಮ್ಮ ವಿಮಲಮ್ಮನ ದನಿ, ನನ್ನ ಹೆಂಡತಿ. ಅವಳಿಗೆ ಒಂದು ಸುಳ್ಳೂ ಹೇಳಲು ಬಾರದು. ನಂಬದಿದ್ದರೆ ನೀವೂ ಬನ್ನಿ, ಒಂದು ತುಂಡು ಬಾಯಿಗೆ ಹಾಕಿಕೊಂಡು ಆಮೇಲೆ ಜಗಳವಾಡಿ. ಬಂದೆ ಕಣೇ, ಏಲಕ್ಕಿ ಹಾಕಿದ್ದಾಳಾ ನೋಡು.